ಭೂಮಂಡಲದ ರಾಜಧಾನಿಗಳಲ್ಲಿ ಶೀತದ ತಾರತಮ್ಯ

ಪ್ರಪಂಚದ ರಾಜಧಾನಿಗಳಲ್ಲಿ ಅತ್ಯಂತ ಶೀತಲವಾದುದು ಯಾವುದೆಂಬ ಪ್ರಶ್ನೆಯು ಮೊದಲ ನೋಟಕ್ಕೆ ಬಾಲಪಾಠದ ಪ್ರಶ್ನೆಯಂತೆ ಕಾಣುತ್ತದೆ. ಭೂಪಟವನ್ನು ಬಿಡಿಸಿ, ಉತ್ತರಧ್ರುವಕ್ಕೆ ಎಲ್ಲಕ್ಕಿಂತ ಸಮೀಪವಾದ ರಾಜಧಾನಿಯ ಮೇಲೆ ಬೆರಳಿಟ್ಟರೆ ಉತ್ತರವು ದೊರೆತಂತೆಯೇ ಎಂದು ತೋರುವುದು ಸಹಜ. ಸ್ವತಂತ್ರ ರಾಷ್ಟ್ರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಆ ಬೆರಳು ಐಸ್‌ಲೆಂಡಿನ ರೇಕ್ಯಾವಿಕ್ ನಗರದ ಮೇಲೆ ನಿಲ್ಲುತ್ತದೆ. ಆದರೆ ೬೪ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಆ ನಗರದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಮಾನವು ನೀರು ಹೆಪ್ಪುಗಟ್ಟುವ ಸೊನ್ನೆಯ ಆಸುಪಾಸಿನಲ್ಲಿದೆ. ಅದಕ್ಕಿಂತ ೧೬ ಡಿಗ್ರಿ ದಕ್ಷಿಣಕ್ಕೆ, ಹೆಚ್ಚು ಕಡಿಮೆ ವಿಯೆನ್ನಾ ನಗರದ ಅಕ್ಷಾಂಶದಲ್ಲಿಯೇ, ಮಂಗೋಲಿಯದ ಉಲಾನ್‌ಬಾತರ್ ಇದೆ. ಅಲ್ಲಿ ಅದೇ ತಿಂಗಳ ಸರಾಸರಿಯು ಸೊನ್ನೆಗೆ ಸುಮಾರು ೨೨ ಡಿಗ್ರಿ ಕೆಳಗೆ! (ಈ ಲೇಖನದಲ್ಲಿ ಬರುವ ಉಷ್ಣಮಾನದ ಅಂಕಿಗಳೆಲ್ಲವೂ ಸೆಲ್ಸಿಯಸ್ ಮಾನದವು.) ಸೂರ್ಯನಿಂದ ಹೆಚ್ಚು ಬಿಸಿಲನ್ನು ಪಡೆಯುವ ಊರು ಕಡಿಮೆ ಪಡೆಯುವ ಊರಿಗಿಂತ ಇಷ್ಟೊಂದು ಶೀತಲವಾಗಿರುವುದು ಹೇಗೆಂಬುದೇ ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಅಕ್ಷಾಂಶವೇ ಚಳಿಯನ್ನು ನಿರ್ಣಯಿಸುತ್ತದೆಂಬ ಭಾವನೆ ಬಹಳ ಹಳೆಯದು. ಯೂರೋಪಿನ ಭಾಷೆಗಳಲ್ಲಿ ಹವಾಗುಣಕ್ಕೆ ಇರುವ ಹೆಸರು ಗ್ರೀಕರ 'ಕ್ಲಿಮ' ಎಂಬ ಶಬ್ದದಿಂದ ಬಂದುದು. ಅದರ ಅರ್ಥ ಓರೆ, ಇಳುಕಲು ಎಂದು. ಸೂರ್ಯಕಿರಣವು ನೆಲದ ಮೇಲೆ ಎಷ್ಟು ಓರೆಯಾಗಿ ಬೀಳುತ್ತದೆಯೋ ಅದರಂತೆ ಅವರು ಭೂಮಿಯನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿದರು. ಉಷ್ಣಮಾಪಕವು ಬಳಕೆಗೆ ಬಂದು, ನಾನಾ ದೇಶಗಳ ಅಂಕಿಗಳು ಒಂದೆಡೆ ಕೂಡುವ ತನಕ ಈ ವಿಂಗಡಣೆಯನ್ನು ಒರೆಗೆ ಹಚ್ಚುವುದಕ್ಕೆ ಉಪಾಯವಿರಲಿಲ್ಲ. ಆ ಕಾರ್ಯವನ್ನು ಕೈಗೊಂಡವನು ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್. ಆತನು ೧೮೧೭ರಲ್ಲಿ, ಸಮಾನವಾದ ಸರಾಸರಿ ಉಷ್ಣಮಾನವುಳ್ಳ ಊರುಗಳನ್ನು ಸೇರಿಸಿ ಭೂಪಟದ ಮೇಲೆ ಸಮೋಷ್ಣರೇಖೆಗಳನ್ನು ಎಳೆದನು. ಅಕ್ಷಾಂಶದ ನಿಯಮವು ನಿಜವಾಗಿದ್ದರೆ ಆ ರೇಖೆಗಳು ನೇರವಾಗಿ ಪೂರ್ವಪಶ್ಚಿಮವಾಗಿ ಹರಿಯಬೇಕಾಗಿದ್ದಿತು. ಅವಾದರೋ ಅಟ್ಲಾಂಟಿಕ್ ಸಾಗರದ ಪೂರ್ವದಡದಲ್ಲಿ ಉತ್ತರಕ್ಕೆ ಏರಿ, ಭೂಖಂಡಗಳ ಒಳನಾಡಿನಲ್ಲಿಯೂ ಪೂರ್ವದಂಡೆಗಳಲ್ಲಿಯೂ ದಕ್ಷಿಣಕ್ಕೆ ಇಳಿದುವು. ಎರಡು ಸಾವಿರ ವರ್ಷಗಳ ನಂಬಿಕೆಯೊಂದು ಒಂದು ಚಿತ್ರದಿಂದ ಸಡಿಲವಾಯಿತೆಂದರೆ ಅತಿಶಯೋಕ್ತಿಯಾಗದು. ಹಾಗಿದ್ದರೂ ಶಾಲೆಯ ಪಾಠಗಳಲ್ಲಿ 'ಉತ್ತರಕ್ಕೆ ಹೋದಷ್ಟೂ ಚಳಿ' ಎಂಬ ಸೂತ್ರವು ಇನ್ನೂ ಗಟ್ಟಿಯಾಗಿಯೇ ನಿಂತಿದೆ.

ರಾಜಧಾನಿಗಳನ್ನು ಜೋಡಿಜೋಡಿಯಾಗಿ ಇಟ್ಟು ನೋಡಿದರೆ ಹುಂಬೋಲ್ಟನ ರೇಖೆಗಳ ಅರ್ಥವು ಸುಲಭವಾಗಿ ತಿಳಿಯುತ್ತದೆ. ಲಂಡನ್ ನಗರವು ೫೧ ಡಿಗ್ರಿ ೩೦ ಮಿನಿಟಿನಲ್ಲಿಯೂ ಕಜಾಕಸ್ತಾನದ ಅಸ್ತಾನವು ೫೧ ಡಿಗ್ರಿ ೧೦ ಮಿನಿಟಿನಲ್ಲಿಯೂ ಇವೆ. ಡಿಸೆಂಬರಿನ ಅತಿ ಕಿರಿಯ ದಿನದಂದು ಎರಡು ಊರಿಗೂ ಹಗಲು ಸುಮಾರು ಎಂಟು ಗಂಟೆಯಷ್ಟೇ. ಬಿಸಿಲಿನ ಪಾಲಿನಲ್ಲಿ ಭೇದವಿಲ್ಲ. ಆದರೆ ಲಂಡನ್ನಿನ ಜನವರಿಯ ಸರಾಸರಿಯು ಸೊನ್ನೆಯ ಮೇಲೆ ಐದಾರು ಡಿಗ್ರಿ, ಅಸ್ತಾನದ್ದು ಸೊನ್ನೆಗೆ ೧೪-೧೫ ಡಿಗ್ರಿ ಕೆಳಗೆ. ಜುಲೈ ತಿಂಗಳಿನಲ್ಲಿ ಮಾತ್ರ ಅಸ್ತಾನವೇ ಲಂಡನ್ನಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಪೋರ್ತುಗಲ್ಲಿನ ಲಿಸ್ಬನ್ನೂ ಉತ್ತರ ಕೊರಿಯದ ಪ್ಯೋಂಗ್ಯಾಂಗೂ ೩೯ನೆಯ ಅಕ್ಷಾಂಶದ ಅಕ್ಕಪಕ್ಕದಲ್ಲಿವೆ. ಎರಡೂ ಸಮುದ್ರಕ್ಕೆ ದೂರವಲ್ಲ. ಲಿಸ್ಬನ್ನಿನಲ್ಲಿ ಜನವರಿಯು ೧೧ ಡಿಗ್ರಿಗಿಂತಲೂ ಮೇಲಿದ್ದರೆ ಪ್ಯೋಂಗ್ಯಾಂಗಿನಲ್ಲಿ ಸೊನ್ನೆಗೆ ಐದಾರು ಡಿಗ್ರಿ ಕೆಳಗೆ. ಕೆನಡದ ಒಟ್ಟಾವ ನಗರವು ಸರ್ಬಿಯದ ಬೆಲ್‌ಗ್ರೇಡಿಗಿಂತ ಅರ್ಧ ಡಿಗ್ರಿಯಷ್ಟು ಮಾತ್ರ ಉತ್ತರಕ್ಕಿದೆ. ಒಟ್ಟಾವದ ಜನವರಿಯು ಸೊನ್ನೆಗೆ ಸುಮಾರು ೧೦ ಡಿಗ್ರಿ ಕೆಳಗಿದ್ದು ಬೆಲ್‌ಗ್ರೇಡಿನದು ಸೊನ್ನೆಗಿಂತ ತುಸು ಮೇಲೆಯೇ ಇದೆ.

ಇದಕ್ಕೆ ಮೊದಲ ಕಾರಣ ನೀರಿನ ಸ್ವಭಾವ. ಒಂದು ಸೇರು ನೀರನ್ನು ಒಂದು ಡಿಗ್ರಿ ಕಾಯಿಸುವುದಕ್ಕೆ, ಅಷ್ಟೇ ತೂಕದ ಒಣಮರಳನ್ನು ಕಾಯಿಸುವುದಕ್ಕಿಂತ ಸುಮಾರು ಐದು ಪಟ್ಟು ಶಾಖ ಬೇಕು. ಅಲ್ಲದೆ ಸಮುದ್ರದಲ್ಲಿ ನೀರು ಮೇಲೆ ಕೆಳಗೆ ಕಲಕುತ್ತಿರುವುದರಿಂದ ಬೇಸಗೆಯ ಶಾಖವು ಹತ್ತಾರು ಮೀಟರ್ ಆಳದ ವರೆಗೆ ಇಳಿದು ಸಂಗ್ರಹವಾಗುತ್ತದೆ. ನೆಲದಲ್ಲಿಯಾದರೋ ಕಾಯುವುದೂ ಆರುವುದೂ ಮೇಲುಪದರಿನ ಮಾತು. ಬೇಸಗೆಯಲ್ಲಿ ಕೂಡಿಟ್ಟುದನ್ನು ಕಡಲು ಚಳಿಗಾಲದಲ್ಲಿ ಮೆಲ್ಲಮೆಲ್ಲನೆ ವ್ಯಯಮಾಡುತ್ತದೆ. ಮಧ್ಯ ಅಕ್ಷಾಂಶಗಳಲ್ಲಿ ಗಾಳಿಯು ಪ್ರಾಯಿಕವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಈ ಶಾಖವು ಭೂಖಂಡಗಳ ಪಶ್ಚಿಮದಂಡೆಗೆ ದೊರೆಯುತ್ತದೆಯೇ ಹೊರತು ಪೂರ್ವದಂಡೆಗಲ್ಲ. ಲಿಸ್ಬನ್ನಿಗೆ ಬರುವ ಗಾಳಿ ಕಡಲನ್ನು ದಾಟಿ ಬಂದುದು. ಪ್ಯೋಂಗ್ಯಾಂಗಿಗೆ ಬರುವುದು ಏಷ್ಯದ ಹೆಪ್ಪುಗಟ್ಟಿದ ನೆಲವನ್ನು ದಾಟಿ ಬಂದುದು. ಕಡಲು ಸಮೀಪದಲ್ಲಿದ್ದರೆ ಸಾಲದು, ಗಾಳಿ ಬರುವ ದಿಕ್ಕಿನಲ್ಲಿರಬೇಕು.

ಪಶ್ಚಿಮ ಯೂರೋಪಿನ ಸೌಮ್ಯವಾದ ಚಳಿಗಾಲಕ್ಕೆ ಗಲ್ಫ್ ಪ್ರವಾಹವೇ ಕಾರಣವೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ೧೮೫೫ರಲ್ಲಿ ಪ್ರಕಟವಾದ ಅಮೆರಿಕದ ನೌಕಾಧಿಕಾರಿ ಮಾಥ್ಯೂ ಮೌರಿಯ ಸಮುದ್ರಭೂಗೋಳದ ಗ್ರಂಥವು ಈ ಮತಕ್ಕೆ ವಿಶೇಷ ಪ್ರಚಾರ ಕೊಟ್ಟಿತು. ೨೦೦೨ರಲ್ಲಿ ರಿಚರ್ಡ್ ಸೀಗರ್ ಮತ್ತು ಅವರ ಸಹಶೋಧಕರು ಈ ಮತವನ್ನು ಪುನಃ ಪರೀಕ್ಷಿಸಿ, ಅಟ್ಲಾಂಟಿಕ್ಕಿನ ಎರಡು ದಡಗಳ ನಡುವಣ ಚಳಿಯ ಅಂತರದಲ್ಲಿ ಪ್ರವಾಹದ ಪಾಲು ಸಣ್ಣದೆಂದೂ, ಕಡಲು ತನ್ನಲ್ಲಿಯೇ ಕೂಡಿಟ್ಟ ಬೇಸಗೆಯ ಶಾಖವೂ, ರಾಕಿ ಪರ್ವತಗಳನ್ನು ದಾಟುವಾಗ ಬಾಗಿ ನೈರುತ್ಯದಿಂದ ಯೂರೋಪಿಗೆ ಬೀಸುವ ಗಾಳಿಯೂ ಮುಖ್ಯವೆಂದೂ ವಾದಿಸಿದರು. ಈ ಚರ್ಚೆಯಲ್ಲಿ ಪ್ರವಾಹವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆರ್ಕ್ಟಿಕ್ಕಿಗೆ ಹತ್ತಿರವಾದ ಕಡಲುಗಳಲ್ಲಿ ಅದರ ಪ್ರಭಾವ ಎದ್ದು ಕಾಣುತ್ತದೆ. ರೇಕ್ಯಾವಿಕ್ಕಿಗೂ ಗ್ರೀನ್‌ಲೆಂಡಿನ ನೂಕ್ ಪಟ್ಟಣಕ್ಕೂ ಅಕ್ಷಾಂಶದಲ್ಲಿ ಭೇದವಿಲ್ಲವೆಂದೇ ಹೇಳಬಹುದು. ಎರಡೂ ಕಡಲಂಚಿನ ಊರುಗಳೇ. ಐಸ್‌ಲೆಂಡಿನ ದಕ್ಷಿಣ ಪಶ್ಚಿಮ ತೀರಗಳನ್ನು ಅಟ್ಲಾಂಟಿಕ್ಕಿನ ಬಿಸಿನೀರಿನ ಕವಲೊಂದು ತೊಳೆಯುತ್ತದೆ. ಗ್ರೀನ್‌ಲೆಂಡಿಗೆ ಧ್ರುವಸಮುದ್ರದಿಂದ ಇಳಿದು ಬರುವ ತಣ್ಣೀರೂ, ಬೆನ್ನಿಗೆ ಮಹಾ ಹಿಮರಾಶಿಯೂ ಪ್ರಾಪ್ತವಾಗಿವೆ. ಆದಕಾರಣ ರೇಕ್ಯಾವಿಕ್ಕಿನ ವರ್ಷದ ಸರಾಸರಿ ಸುಮಾರು ೫ ಡಿಗ್ರಿಯಾದರೆ ನೂಕಿನದು ಸೊನ್ನೆಗೆ ಸುಮಾರು ಒಂದು ಡಿಗ್ರಿ ಕೆಳಗೆ.

ಏಷ್ಯದ ಒಳನಾಡಿನ ಸ್ಥಿತಿ ಬೇರೆಯಾದುದು. ಅಲ್ಲಿ ಚಳಿಗಾಲದ ದೀರ್ಘರಾತ್ರಿಗಳಲ್ಲಿ, ಮೋಡವಿಲ್ಲದ ಆಕಾಶದ ಅಡಿಯಲ್ಲಿ, ನೆಲವು ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ತಣಿದ ಗಾಳಿ ಭಾರವಾಗಿ ನೆಲಕ್ಕೆ ಕುಸಿದು, ಬೈಕಲ್ ಸರೋವರಕ್ಕೂ ಮಂಗೋಲಿಯಕ್ಕೂ ಸುತ್ತಣ ಪ್ರದೇಶದಲ್ಲಿ ಒಂದು ದೊಡ್ಡ ರಾಶಿಯಾಗಿ ನಿಲ್ಲುತ್ತದೆ. ಸೈಬೀರಿಯದ ಅಧಿಕ ವಾಯುಭಾರವೆಂದು ಇದಕ್ಕೆ ಹೆಸರು. ಅದರ ನಡುವೆ ಸಮುದ್ರಮಟ್ಟಕ್ಕೆ ಇಳಿಸಿದ ವಾಯುಭಾರವು ಚಳಿಗಾಲದ ಸರಾಸರಿಯಲ್ಲಿಯೇ ೧,೦೩೦ ಮಿಲಿಬಾರನ್ನು ಮೀರುತ್ತದೆ. ಈ ರಾಶಿಯಿಂದ ಆಗಾಗ ಸುರಿದು ಹರಿಯುವ ಶೀತವಾಯುವು ಬೀಜಿಂಗ್, ಪ್ಯೋಂಗ್ಯಾಂಗ್, ಸೋಲ್ ನಗರಗಳನ್ನು ದಾಟಿ ವಿಯೆಟ್ನಾಮಿನ ಹನೋಯ್ ತನಕ ತಲಪುತ್ತದೆ. ದಕ್ಷಿಣಕ್ಕೆ, ನಮ್ಮ ಕಡೆಗೆ, ಅದಕ್ಕೆ ದಾರಿಯಿಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯೂ ಹಿಮಾಲಯವೂ ಅಡ್ಡವಾಗಿವೆ. ಇದರ ಫಲವನ್ನು ಎರಡು ರಾಜಧಾನಿಗಳಲ್ಲಿ ಕಾಣಬಹುದು: ದೆಹಲಿಯು ಹನೋಯಿಗಿಂತ ಏಳು ಡಿಗ್ರಿಗೂ ಮಿಕ್ಕು ಉತ್ತರದಲ್ಲಿದ್ದರೂ ಅದರ ಜನವರಿಯ ಸರಾಸರಿ ಸುಮಾರು ೧೪ ಡಿಗ್ರಿ, ಹನೋಯಿಯದು ಸುಮಾರು ೧೭. ಅಷ್ಟು ಅಕ್ಷಾಂಶಕ್ಕೆ ಮೂರೇ ಡಿಗ್ರಿಯ ವ್ಯತ್ಯಾಸ! ಕಾಳಿದಾಸನು 'ಕುಮಾರಸಂಭವ'ದ ಆದಿಯಲ್ಲಿ ವರ್ಣಿಸಿರುವ ಪರ್ವತವು ದೇವತಾತ್ಮವಾಗಿರುವಂತೆಯೇ ಉತ್ತರ ಹಿಂದೂಸ್ಥಾನದ ಗೋಧಿಯ ಹೊಲಗಳಿಗೆ ಗೋಡೆಯೂ ಆಗಿದೆಯೆಂಬುದನ್ನು ಕಾವ್ಯಪಾಠ ಮಾಡುವವರು ಒಂದು ಮಾತಿನಲ್ಲಿ ಸೂಚಿಸಿದರೆ ತಪ್ಪಾಗದು.

ಎತ್ತರವು ಶೀತಕ್ಕೆ ಇನ್ನೊಂದು ಕಾರಣ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಉಷ್ಣಮಾನವು ಸಾಮಾನ್ಯವಾಗಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಎಕ್ವಡಾರಿನ ಕೀಟೋ ನಗರವು ಭೂಮಧ್ಯರೇಖೆಗೆ ಅಂಟಿಕೊಂಡಿದ್ದರೂ ೨,೮೫೦ ಮೀಟರ್ ಎತ್ತರದಲ್ಲಿರುವುದರಿಂದ ವರ್ಷದ ಹನ್ನೆರಡು ತಿಂಗಳೂ ೧೪-೧೫ ಡಿಗ್ರಿಯ ತಂಪಿನಲ್ಲಿರುತ್ತದೆ. ಆ ಊರಿಗೆ ತಂಪುಂಟು, ಚಳಿಗಾಲವಿಲ್ಲ. ಬೊಲಿವಿಯದ ಸರಕಾರವಿರುವ ಲಾ ಪಾಜ್ ಇನ್ನೂ ಎತ್ತರದಲ್ಲಿ, ೩,೬೦೦ ಮೀಟರಿನ ಮೇಲೆ ಇದೆ. ಆ ದೇಶದ ಸಂವಿಧಾನದ ಪ್ರಕಾರ ರಾಜಧಾನಿಯು ಸುಕ್ರೆ; ಹೀಗಾಗಿ ಲಾ ಪಾಜನ್ನು ಪಟ್ಟಿಯಲ್ಲಿ ಸೇರಿಸಬೇಕೇ ಬೇಡವೇ ಎಂಬುದೇ ಒಂದು ವಿವಾದ.

ಉಲಾನ್‌ಬಾತರಿನಲ್ಲಿ ಈ ಎಲ್ಲ ಕಾರಣಗಳೂ ಒಟ್ಟುಗೂಡಿವೆ. ಆ ನಗರವು ಸುಮಾರು ೧,೩೦೦ ಮೀಟರ್ ಎತ್ತರದಲ್ಲಿದೆ. ವಿಯೆನ್ನಾಕ್ಕಿಂತ ಸುಮಾರು ೧,೧೦೦ ಮೀಟರ್ ಮೇಲೆ. ಮೇಲಣ ನಿಯಮದಂತೆ ಇದರಿಂದ ಏಳು ಡಿಗ್ರಿಯ ವ್ಯತ್ಯಾಸವಾಗಬೇಕು. ಆದರೆ ಜನವರಿಯಲ್ಲಿ ಎರಡು ಊರುಗಳ ನಡುವಣ ಅಂತರವು ಇಪ್ಪತ್ತೆರಡು ಡಿಗ್ರಿಗೆ ಕಡಿಮೆಯಿಲ್ಲ. ಉಳಿದ ಹದಿನೈದು ಡಿಗ್ರಿಯು ಕಡಲಿನ ದೂರಕ್ಕೂ ಸೈಬೀರಿಯದ ವಾಯುರಾಶಿಗೂ ಸಲ್ಲತಕ್ಕದ್ದು. ಈ ವ್ಯವಕಲನವು ಸ್ಥೂಲವಾದುದೆಂದು ಹೇಳಲೇಬೇಕು. ಏಕೆಂದರೆ ಚಳಿಗಾಲದಲ್ಲಿ ಆ ಕಣಿವೆಯಲ್ಲಿ ಎತ್ತರದ ನಿಯಮವೇ ತಲೆಕೆಳಗಾಗುತ್ತದೆ. ನಗರವು ತೂಲ್ ನದಿಯ ಬಯಲಿನಲ್ಲಿದೆ. ದಕ್ಷಿಣಕ್ಕೆ ಬೋಗ್ದ್ ಖಾನ್ ಪರ್ವತವಿದ್ದು ಉಳಿದ ಕಡೆಗಳಲ್ಲಿಯೂ ಗುಡ್ಡಗಳು ಸುತ್ತುವರಿದಿವೆ. ಭಾರವಾದ ತಣ್ಣನೆಯ ಗಾಳಿಯು ಇಳುಕಲಿನಲ್ಲಿ ಜಾರಿ ಬಟ್ಟಲಿನಲ್ಲಿ ನೀರು ನಿಂತಂತೆ ತಳದಲ್ಲಿ ನಿಲ್ಲುತ್ತದೆ. ಮೇಲಣ ಗಾಳಿಯು ಅದಕ್ಕಿಂತ ಬೆಚ್ಚಗಿರುತ್ತದೆ. ಗುಡ್ಡಗಳು ಬಿರುಗಾಳಿಯನ್ನು ತಡೆದು ಉಪಕಾರ ಮಾಡುತ್ತವೆ. ಅದರ ಜೊತೆಯಲ್ಲಿಯೇ ಚಳಿಯನ್ನೂ ಊರಿನೊಳಗೆ ಕೂಡಿಹಾಕುತ್ತವೆ.

ಈ ಊರಿನ ಚರಿತ್ರೆಯೂ ವಿಚಿತ್ರವಾದುದು. ೧೬೩೯ರಲ್ಲಿ ಅದು ಗುಡಾರಗಳ ಒಂದು ಬೌದ್ಧಮಠವಾಗಿ ಹುಟ್ಟಿತು. ಅಲೆಮಾರಿಗಳ ನಾಡಿನ ಮಠವೂ ಅಲೆಮಾರಿಯೇ. ಇಪ್ಪತ್ತಕ್ಕೂ ಹೆಚ್ಚು ಸಲ ಎಡೆಯನ್ನು ಬದಲಾಯಿಸಿ ೧೭೭೮ರಲ್ಲಿ ಈಗಿನ ಕಣಿವೆಯಲ್ಲಿ ನೆಲೆಯೂರಿತು. 'ಕೆಂಪು ವೀರ' ಎಂಬರ್ಥದ ಈಗಿನ ಹೆಸರು ೧೯೨೪ರದು. ಊರಿನ ಅಡಿಯಲ್ಲಿ ಅಲ್ಲಲ್ಲಿ ವರ್ಷವಿಡೀ ಕರಗದೆ ಹೆಪ್ಪುಗಟ್ಟಿಯೇ ಇರುವ ನೆಲವುಂಟು. ಕಟ್ಟಡದ ಬುನಾದಿ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇಲ್ಲಿ ಕನ್ನಡದ ಮಾತಿನದೇ ಒಂದು ತೊಡಕು ಎದುರಾಗುತ್ತದೆ. ಹಳಗನ್ನಡದ 'ಕುಳಿರ್' ಎಂಬುದು ಚಳಿಗೂ ತಂಪಿಗೂ ಸಲ್ಲುವ ಮಾತು; ಇಂದಿನ 'ಮಂಜು' ಮುಂಜಾನೆಯ ಕಾವಳಕ್ಕೂ ಹುಲ್ಲಿನ ಮೇಲಣ ಇಬ್ಬನಿಗೂ ಆಕಾಶದಿಂದ ಉದುರುವ ಹಿಮಕ್ಕೂ ಒಂದೇ. ಆದುದರಿಂದ 'ಅತ್ಯಂತ ಚಳಿಯ ಊರು' ಎಂದೊಡನೆ 'ಮಂಜು ಮುಚ್ಚಿದ ಊರು' ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಉಲಾನ್‌ಬಾತರಿಗೆ ಅದು ಹೊಂದುವುದಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಒಟ್ಟು ಮಳೆಹಿಮಗಳು ಮುನ್ನೂರು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದರಲ್ಲಿಯೂ ಹೆಚ್ಚಿನ ಪಾಲು ಬೇಸಗೆಯ ಮಳೆ. ಅಲ್ಲಿನ ಚಳಿಗಾಲವು ನೀಲಿ ಆಕಾಶದ ಒಣಚಳಿಗಾಲ. ಹಿಮದ ರಾಶಿಯನ್ನು ನೋಡಬೇಕಾದರೆ ಅದಕ್ಕಿಂತ ಎಷ್ಟೋ ಬೆಚ್ಚಗಿರುವ ಒಟ್ಟಾವಕ್ಕೆ ಹೋಗಬೇಕು.

ಚಳಿಯ ಅಳತೆಯನ್ನು ಯಾವುದರಿಂದ ಮಾಡಬೇಕೆಂಬುದು ನಿಜವಾದ ವಿವಾದಸ್ಥಾನ. ಹವಾಶಾಸ್ತ್ರಜ್ಞರು ಮೂವತ್ತು ವರ್ಷಗಳ ಸರಾಸರಿಯನ್ನು ಪ್ರಮಾಣವೆಂದು ಇಟ್ಟುಕೊಂಡಿದ್ದಾರೆ. ಈಚಿನ ಪ್ರಮಾಣಾವಧಿ ೧೯೯೧ರಿಂದ ೨೦೨೦. ಅತ್ಯಂತ ಶೀತಲವಾದ ತಿಂಗಳನ್ನು ನೋಡಿದರೆ ಉಲಾನ್‌ಬಾತರಿಗೆ ಪ್ರತಿಸ್ಪರ್ಧಿಯೇ ಇಲ್ಲ. ಅಸ್ತಾನವು ಏಳೆಂಟು ಡಿಗ್ರಿ ಹಿಂದೆ, ಒಟ್ಟಾವವು ಅದಕ್ಕೂ ಹಿಂದೆ. ವರ್ಷದ ಸರಾಸರಿಯನ್ನು ನೋಡಿದರೆ ಸ್ವತಂತ್ರ ರಾಷ್ಟ್ರಗಳ ರಾಜಧಾನಿಗಳಲ್ಲಿ ಉಲಾನ್‌ಬಾತರೇ ಮೊದಲನೆಯದು; ಆದರೆ ನೂಕನ್ನು ಪಟ್ಟಿಗೆ ಸೇರಿಸಿದ ಕೂಡಲೇ ಅಗ್ರಸ್ಥಾನ ಅಲುಗಾಡುತ್ತದೆ. ಗ್ರೀನ್‌ಲೆಂಡು ೨೦೦೯ರಿಂದ ವಿಸ್ತೃತವಾದ ಸ್ವಯಮಾಡಳಿತವನ್ನು ಪಡೆದಿದ್ದರೂ ಡೆನ್ಮಾರ್ಕಿನ ರಾಜ್ಯಕ್ಕೆ ಸೇರಿದುದೇ. ಈ ಎರಡು ಊರುಗಳ ವರ್ಷದ ಸರಾಸರಿ ಹತ್ತಿರ ಹತ್ತಿರವಾಗಿದ್ದರೂ ಅವುಗಳ ಚಳಿಗೆ ಸಾಮ್ಯವಿಲ್ಲ. ನೂಕಿನ ಜನವರಿಯು ಸೊನ್ನೆಗೆ ಸುಮಾರು ಎಂಟು ಡಿಗ್ರಿ ಕೆಳಗೆ, ಜುಲೈ ಸುಮಾರು ಏಳು ಡಿಗ್ರಿ ಮೇಲೆ. ಅದರ ಬಂದರು ಚಳಿಗಾಲದಲ್ಲಿಯೂ ತೆರೆದಿರುತ್ತದೆ. ಉಲಾನ್‌ಬಾತರಿನ ಜುಲೈಯಾದರೋ ೧೮ ಡಿಗ್ರಿಯಷ್ಟು ಹಿತವಾದುದು. ಒಂದು ಊರಿನಲ್ಲಿ ಬೇಸಗೆ ಬರುವುದಿಲ್ಲ. ಇನ್ನೊಂದರಲ್ಲಿ ಬೇಸಗೆ ಬಂದು ಹೋಗಿ ಘೋರವಾದ ಚಳಿ ಬರುತ್ತದೆ. ಸರಾಸರಿಯು ಎರಡನ್ನೂ ಒಂದೇ ಅಂಕಿಯಲ್ಲಿ ಮರೆಮಾಡುತ್ತದೆ. ಬೇಸಗೆಯನ್ನೇ ಅಳತೆಗೋಲಾಗಿ ಹಿಡಿದರೆ ಉತ್ತರಾರ್ಧಗೋಳದ ಸ್ವತಂತ್ರ ರಾಜಧಾನಿಗಳಲ್ಲಿ ೧೧-೧೨ ಡಿಗ್ರಿಯ ಜುಲೈಯುಳ್ಳ ರೇಕ್ಯಾವಿಕ್ಕೇ ಕಡೆಗೂ ಗೆಲ್ಲುತ್ತದೆಯೆಂಬುದು ವಿನೋದವಾದ ಸಂಗತಿ.

ಒಂದೊಂದು ರಾತ್ರಿಯ ಕಡುಚಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕ್ರಮವು ಮತ್ತೆ ಬದಲಾಗುತ್ತದೆ. ಮಾಸ್ಕೋದಲ್ಲಿ ೧೯೪೦ರ ಜನವರಿಯಲ್ಲಿ ಸೊನ್ನೆಗೆ ೪೨ ಡಿಗ್ರಿ ಕೆಳಗೆ ಇಳಿದುದುಂಟು. ಪಾದರಸವು ಸೊನ್ನೆಗೆ ಸುಮಾರು ೩೯ ಡಿಗ್ರಿ ಕೆಳಗೆ ಹೆಪ್ಪುಗಟ್ಟುವುದರಿಂದ ಇಂಥ ರಾತ್ರಿಗಳನ್ನು ಅಳೆಯುವುದಕ್ಕೆ ಮದ್ಯಸಾರದ ಮಾಪಕವೇ ಬೇಕು. ಇನ್ನು ಮೈಗೆ ತಗಲುವ ಚಳಿಯಲ್ಲಿ ಗಾಳಿಯ ಪಾಲು ದೊಡ್ಡದು. ಅಂಟಾರ್ಕ್ಟಿಕದಲ್ಲಿ ನೀರು ಹೆಪ್ಪುಗಟ್ಟುವ ವೇಗವನ್ನು ಗಾಳಿಯೊಡನೆ ಹೋಲಿಸಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬವರು ೧೯೪೫ರಲ್ಲಿ ಇದಕ್ಕೊಂದು ಸೂತ್ರವನ್ನು ಪ್ರಕಟಿಸಿದರು. ಕೆನಡ ಮತ್ತು ಅಮೆರಿಕ ದೇಶಗಳು ೨೦೦೧ರಲ್ಲಿ ಅದನ್ನು ತಿದ್ದಿ ಹೊಸದಾಗಿ ರಚಿಸಿದುವು. ಈ ಹೊಸ ಸೂತ್ರದಂತೆ ಸೊನ್ನೆಗೆ ೧೫ ಡಿಗ್ರಿ ಕೆಳಗಿರುವಾಗ ಗಂಟೆಗೆ ೩೦ ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಯ ಮುಖಕ್ಕೆ ಸೊನ್ನೆಗೆ ೨೬ ಡಿಗ್ರಿ ಕೆಳಗಿದ್ದಂತೆ ತೋರುತ್ತದೆ. ಅಸ್ತಾನವು ತಡೆಯಿಲ್ಲದ ಹುಲ್ಲುಬಯಲಿನ ನಡುವೆ ಇರುವ ಊರು. ಅಲ್ಲಿ ಗಾಳಿಯಿರುವ ಒಂದು ದಿನವು ಉಲಾನ್‌ಬಾತರಿನ ಗಾಳಿಯಿಲ್ಲದ ದಿನಕ್ಕೆ ಸಮನಾಗಿಯೋ ಮಿಗಿಲಾಗಿಯೋ ಕೊರೆಯಬಹುದು.

ಅಸ್ತಾನದ ವಿಷಯದಲ್ಲಿ ಗಮನಿಸತಕ್ಕ ಇನ್ನೊಂದು ಅಂಶವುಂಟು. ಅದು ತಿಳಿದು ತಿಳಿದು ಆರಿಸಿಕೊಂಡ ಚಳಿ. ಕಜಾಕಸ್ತಾನದ ಮೊದಲಿನ ರಾಜಧಾನಿ ಅಲ್ಮಾತಿ. ದಕ್ಷಿಣದ ಬೆಟ್ಟಗಳ ತಪ್ಪಲಿನ ಆ ನಗರವು ಚಳಿಗಾಲದಲ್ಲಿ ಎಷ್ಟೋ ಸೌಮ್ಯ. ೧೯೯೭ರ ಡಿಸೆಂಬರಿನಲ್ಲಿ ರಾಜಧಾನಿಯನ್ನು ಉತ್ತರದ ಅಕ್ಮೊಲಕ್ಕೆ ವರ್ಗಾಯಿಸಿದರು. ಆ ಊರಿಗೆ ೧೯೯೮ರಲ್ಲಿ ಅಸ್ತಾನವೆಂದೂ ೨೦೧೯ರಲ್ಲಿ ನೂರ್‌ಸುಲ್ತಾನ್ ಎಂದೂ ೨೦೨೨ರಲ್ಲಿ ಪುನಃ ಅಸ್ತಾನವೆಂದೂ ಹೆಸರಾಯಿತು. ಅಸ್ತಾನವೆಂದರೆ ರಾಜಧಾನಿಯೆಂದೇ ಅರ್ಥ. ಗಾಳಿಯನ್ನು ತಡೆಯುವುದಕ್ಕಾಗಿ ನಗರದ ಸುತ್ತಲೂ ಕಾಡನ್ನು ನೆಟ್ಟು ಬೆಳೆಸುತ್ತಿದ್ದಾರೆ. ೧೮೫೭ರಲ್ಲಿ ವಿಕ್ಟೋರಿಯ ರಾಣಿಯು ಮಾಂಟ್ರಿಯಲ್, ಟೊರಾಂಟೊ ಮೊದಲಾದ ದೊಡ್ಡ ಊರುಗಳನ್ನು ಬಿಟ್ಟು ಮರದ ವ್ಯಾಪಾರದ ಒಟ್ಟಾವವನ್ನು ಆರಿಸಿದಾಗಲೂ ಲೆಕ್ಕಕ್ಕೆ ಬಂದುದು ಗಡಿಯ ರಕ್ಷಣೆ ಮತ್ತು ಎರಡು ಭಾಷೆಗಳ ಪ್ರಾಂತಗಳ ಮಧ್ಯಸ್ಥಿತಿ. ಹವೆಯನ್ನು ಯಾರೂ ಕೇಳಿದಂತಿಲ್ಲ.

ಈಚಿನ ದಶಕಗಳಲ್ಲಿ ಈ ಅಂಕಿಗಳೇ ಕದಲತೊಡಗಿವೆ. ಮಾಸ್ಕೋದ ಜನವರಿಯು ೧೯೬೧-೯೦ರ ಸರಾಸರಿಯಲ್ಲಿ ಸೊನ್ನೆಗೆ ೯ ಡಿಗ್ರಿಗೂ ಹೆಚ್ಚು ಕೆಳಗಿದ್ದುದು ೧೯೯೧-೨೦೨೦ರಲ್ಲಿ ಸುಮಾರು ೬ ಡಿಗ್ರಿಗೆ ಬಂದಿದೆ. ಒಟ್ಟಾವದಲ್ಲಿ ಪ್ರತಿ ಚಳಿಗಾಲದಲ್ಲಿಯೂ ರಿಡೋ ಕಾಲುವೆಯು ಹೆಪ್ಪುಗಟ್ಟಿ ೭.೮ ಕಿಲೋಮೀಟರಿನ ಜಾರಾಟದ ಹಾದಿಯಾಗುತ್ತಿದ್ದಿತು. ೨೦೨೨-೨೩ರ ಚಳಿಗಾಲದಲ್ಲಿ ಮಂಜುಗಡ್ಡೆ ಸಾಕಷ್ಟು ದಪ್ಪವಾಗದೆ, ಅರ್ಧ ಶತಮಾನದಲ್ಲಿ ಮೊದಲ ಬಾರಿಗೆ, ಅದನ್ನು ತೆರೆಯಲೇ ಇಲ್ಲ. ಮಂಗೋಲಿಯದಲ್ಲಿ ೧೯೪೦ರಿಂದ ಈಚೆಗೆ ಉಷ್ಣಮಾನವು ಎರಡು ಡಿಗ್ರಿಗೂ ಹೆಚ್ಚಾಗಿ ಏರಿದೆ. ಹಳೆಯ ಲೆಕ್ಕಗಳಲ್ಲಿ ಸೊನ್ನೆಗೆ ಒಂದೆರಡು ಡಿಗ್ರಿ ಕೆಳಗಿದ್ದ ಉಲಾನ್‌ಬಾತರಿನ ವರ್ಷದ ಸರಾಸರಿ ಈಗ ಸೊನ್ನೆಯನ್ನು ಸಮೀಪಿಸಿದೆ.

ಇಷ್ಟರಿಂದ ಅಲ್ಲಿನ ಜನಕ್ಕೆ ಚಳಿ ಹಗುರವಾಯಿತೆಂದು ತಿಳಿಯಬಾರದು. ಬೇಸಗೆಯ ಬರದ ಹಿಂದೆಯೇ ಕಡುಚಳಿಯ ಹಿಮವು ಬಂದು ಮೇವನ್ನು ಮುಚ್ಚಿ ದನಕುರಿಗಳು ಸಾಮೂಹಿಕವಾಗಿ ಸಾಯುವ ಅನಾಹುತಕ್ಕೆ ಮಂಗೋಲರು 'ಜುಡ್' ಎನ್ನುತ್ತಾರೆ. ೨೦೦೯-೧೦ರ ಜುಡ್ಡಿನಲ್ಲಿ ಎಂಟು ದಶಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತುವು. ೨೦೨೩-೨೪ರಲ್ಲಿ ಏಳು ದಶಲಕ್ಷಕ್ಕೂ ಹೆಚ್ಚು. ಹಿಂಡನ್ನು ಕಳೆದುಕೊಂಡವರು ಉಣ್ಣೆಯ ಗುಡಾರವಾದ 'ಗೇರ'ನ್ನು ಮಡಿಸಿಕೊಂಡು ರಾಜಧಾನಿಗೆ ಬರುತ್ತಾರೆ. ದೇಶದ ಜನರಲ್ಲಿ ಸುಮಾರು ಅರ್ಧದಷ್ಟು ಈಗ ಆ ಒಂದು ಕಣಿವೆಯಲ್ಲಿದ್ದಾರೆ. ನಗರದ ನಡುವಣ ಕಟ್ಟಡಗಳಿಗೆ ಸೆಪ್ಟೆಂಬರ್ ೧೫ರಿಂದ ಮೇ ೧೫ರ ವರೆಗೆ, ವರ್ಷದಲ್ಲಿ ಎಂಟು ತಿಂಗಳು, ವಿದ್ಯುದಾಗಾರಗಳಿಂದ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ಗುಡ್ಡದ ಇಳುಕಲುಗಳಲ್ಲಿ ಹಬ್ಬಿದ ಗೇರುಗಳಿಗೆ ಆ ಕೊಳವೆಗಳು ಮುಟ್ಟುವುದಿಲ್ಲ. ಅಲ್ಲಿ ನಡುವಣ ಒಲೆಗೆ ಕಲ್ಲಿದ್ದಲನ್ನು ಹಾಕುತ್ತಲೇ ಇರಬೇಕು. ಕಣಿವೆಯ ತಳದಲ್ಲಿ ಚಳಿಯನ್ನು ಹಿಡಿದಿಡುವ ಆ ಬೆಚ್ಚನೆಯ ಮೇಲ್ಪದರವೇ ಹೊಗೆಯನ್ನೂ ಮೇಲೇರಗೊಡದೆ ಹಿಡಿದಿಡುವುದರಿಂದ, ಪ್ರಪಂಚದ ಅತ್ಯಂತ ಶೀತಲವಾದ ರಾಜಧಾನಿಯು ಜನವರಿಯ ರಾತ್ರಿಗಳಲ್ಲಿ ಅತ್ಯಂತ ಕಲುಷಿತವಾದ ಗಾಳಿಯ ಊರುಗಳಲ್ಲಿಯೂ ಒಂದಾಗಿದೆ. ಮಕ್ಕಳ ಶ್ವಾಸಕೋಶದ ರೋಗಗಳಿಗೆ ಅಲ್ಲಿ ಚಳಿಗಾಲವೇ ಹೆಚ್ಚಿನ ಕಾಲ. ೨೦೧೯ರ ಮೇ ತಿಂಗಳಿನಿಂದ ನಗರದಲ್ಲಿ ಹಸಿ ಕಲ್ಲಿದ್ದಲನ್ನು ಸುಡುವುದನ್ನು ನಿಷೇಧಿಸಿ, ಸಂಸ್ಕರಿಸಿ ಅಚ್ಚುಹಾಕಿದ ಇದ್ದಲಿನ ಉಂಡೆಗಳನ್ನು ಕೊಡತೊಡಗಿದರು. ಹೊಗೆಯು ಕಣ್ಣಿಗೆ ಕಾಣುವಷ್ಟು ತಗ್ಗಿತು. ಆದರೆ ಒಲೆ ಆರಿದರೆ ಒಂದೆರಡು ಗಂಟೆಗಳಲ್ಲಿ ಗೇರಿನೊಳಗಿನ ನೀರು ಹೆಪ್ಪುಗಟ್ಟುವ ಊರಿನಲ್ಲಿ, ಕೊಳವೆಯ ಬಿಸಿನೀರು ಗುಡ್ಡವನ್ನೇರುವ ತನಕ, ಯಾವುದಾದರೊಂದನ್ನು ಸುಡದೆ ಗತ್ಯಂತರವಿಲ್ಲ.